ವೆಂಕಟಸುಬ್ಬಯ್ಯನವರ ಆತಪ ನಿವಾರಣಾ ಮಂಟಪ

ಸೇವೆಯುದ್ದಕ್ಕೂ ಇನ್ನೊಬ್ಬರ ಕೈಬೆರಳುಗಳನ್ನು ಕಾಯ್ದ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಎಂಥ ಗತಿ ಬರುತ್ತದೆ ಎಂದು ತಿಳಿಯಬೇಕಾದರೆ ನೀವು ಪೀಣ್ಯದಾಚೆಯ ಕಾರ್ಖಾನೆ ನೌಕರರ ಸೊಸೈಟಿ ಲೇಔಟಿಗೆ ಬರಬೇಕು. ಬಂದು, ವೆಂಕಟಸುಬ್ಬಯ್ಯನವರ ಅಡುಗೆಮನೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಲ್ಲೊಂದು ಕೆಂಪು ಬಕೆಟ್ಟಿದೆ. ‘ಬೆಂಕಿ’ ಎಂದು ಬಿಳಿ ಅಕ್ಷರದಲ್ಲಿ ಬರೆದಿದೆ. ಗ್ಯಾಸು ಹೊತ್ತಿಕೊಂಡರೆ ಎರಚುವುದಕ್ಕೆ ಅಂತ ಅವರು ಅದರ ತುಂಬ ಮರಳು ತುಂಬಿಟ್ಟಿದ್ದರು. ಈಗ ಅದರಲ್ಲಿ ಕೊತ್ತಂಬರಿ ಸೊಪ್ಪು ಬೆಳೆದಿದೆ.

“ಅಲ್ಲ ಕಣೇ ವಾಸಂತಿ, ನಾಳೆ ಬೆಂಕಿ ಬಿದ್ದರೆ ಏನು ಮಾಡ್ತೀಯ?”

“ಸೊಪ್ಪಿನ ಸಮೇತ ಎರಚ್ತೀನಿ. ಘಮ್ ಅಂತ ಆರತ್ತೆ. ನೀವು ಸ್ವಲ್ಪ ಪಕ್ಕಕ್ಕೆ ಸರೀರಿ, ಕುಕ್ಕರ್ ಇಳಿಸಬೇಕು.”

ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಸೇಫ್ಟಿ ಆಫೀಸರಾಗಿದ್ದವರು. ಅವರು ಯಂತ್ರಗಳ ಶಾಪಿನೊಳಗೆ ಕಾಲಿಟ್ಟರೆ ಬರಿ ತಲೆಗಳ ಮೇಲೆ ಹೆಲ್ಮೆಟ್ಟುಗಳು ತಾವಾಗಿ ಏರಿ ಕೂರುತ್ತಿದ್ದವು, ಸೇದುತ್ತಿದ್ದ ಬೀಡಿಗಳು ಎಲ್ಲಿಗೋ ಮಾಯವಾಗುತ್ತಿದ್ದವು. ಅಂಥವರು ನಿವೃತ್ತರಾಗಿ ಮನೆಗೆ ಬರುವಾಗ ತಮ್ಮ ಹಳದಿ ಹೆಲ್ಮೆಟ್ಟು, ಬಾಯ್ಲರ್ ಸೂಟು, ಸೀಟಿ, ಜೊತೆಗೆ ಹಳದಿ-ಕಪ್ಪು ಪಟ್ಟೆಯ ಟೇಪಿನ ಒಂದು ಉರುಳೆಯನ್ನೂ ತಂದರು. (ಟೇಪನ್ನು ಯಾರೂ ಕೊಟ್ಟದ್ದಲ್ಲ. ಅದು ಹೇಗೋ ಜೊತೆಯಲ್ಲಿ ಬಂದುಬಿಟ್ಟಿತು.) ಮನೆಯಲ್ಲೂ ಆಗಾಗ ಡ್ರಿಲ್ಲು ನಡೆಸುತ್ತಿದ್ದರು. ನಿಯಮ ಸರಳ. ಸೀಟಿ ಎರಡು ಸಲ ಊದಿದರೆ ಅಭ್ಯಾಸ, ಮೂರು ಸಲ ಊದಿದರೆ ನಿಜವಾದ ಅಪಾಯ. ಎರಡಕ್ಕೂ ಎಲ್ಲರೂ ಗೇಟಿನ ಬಳಿಯ ಹೊಂಗೆ ಮರದ ಕೆಳಗೆ ಬಂದು ನಿಲ್ಲತಕ್ಕದ್ದು.

ಯಾರೂ ಬರುತ್ತಿರಲಿಲ್ಲ. ಸೀಟಿ ಕೇಳಿದೊಡನೆ ವಾಸಂತಮ್ಮನವರು ಮಿಕ್ಸಿ ಹಾಕುತ್ತಿದ್ದರು. ಮಗ ವಿಶ್ರುತ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ. ಹೊಂಗೆ ಮರದ ಕೆಳಗೆ ವೆಂಕಟಸುಬ್ಬಯ್ಯನವರು ಒಬ್ಬರೇ ನಿಂತು, ತಾವೇ ಸುರಕ್ಷಿತವಾಗಿ ಉಳಿದು, ತಾವೇ ವಾಪಸ್ ಬರುತ್ತಿದ್ದರು.

ಹೀಗಿರುವಾಗ ಸೊಸೆ ಶ್ರೀರಂಜನಿ ಮನೆಗೆ ಬಂದಳು. ಮದುವೆಯಾದ ಹೊಸತರಲ್ಲಿ ಒಂದು ಬೆಳಗ್ಗೆ ವೆಂಕಟಸುಬ್ಬಯ್ಯನವರು ಎಂದಿನಂತೆ ಎರಡು ಸಲ ಊದಿ ಮರದ ಕೆಳಗೆ ಹೋಗಿ ನಿಂತರು. ನೋಡುತ್ತಾರೆ, ಹೊಸ ಸೊಸೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದಾಳೆ! ಕೈಯಲ್ಲಿ ದೋಸೆ ಮಗುಚುವ ಕೈ ಬೇರೆ.

“ಮಾವ, ಗ್ಯಾಸ್ ಆಫ್ ಮಾಡಿ ಬಂದಿದ್ದೀನಿ. ಮೇನ್ ಸ್ವಿಚ್ಚೂ ಆಫ್ ಮಾಡ್ಬೇಕಿತ್ತಾ?”

ವೆಂಕಟಸುಬ್ಬಯ್ಯನವರಿಗೆ ಕಣ್ಣು ತುಂಬಿ ಬಂತು. ಹೊಂಗೆ ಹೂವಿನ ಧೂಳು ಅಂತ ಹೇಳಿ ಕಣ್ಣೊರೆಸಿಕೊಂಡರು. ಅವತ್ತಿನಿಂದ ಆ ಹುಡುಗಿಯ ಋಣದಲ್ಲಿ ಬಿದ್ದೆ ಎಂದುಕೊಂಡರು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಕೃತಜ್ಞತೆ ಹೇಳುವುದು ಹೇಗೆ ಎಂಬ ತರಬೇತಿ ಅವರ ಕಾರ್ಖಾನೆಯಲ್ಲಿ ಇರಲಿಲ್ಲ.

ಆ ಶ್ರೀರಂಜನಿ ಈಗ ಬಸುರಿ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ವಾಸಂತಮ್ಮನವರು ಮಗು ಕೆಂಪಗೆ ಹುಟ್ಟಲಿ ಅಂತ ಹಾಲಿಗೆ ಕೇಸರಿ ಹಾಕಿ ಹಾಕಿ ಕೊಟ್ಟರು. “ಅತ್ತೆ, ಕೇಸರಿಯಿಂದ ಹಾಲು ಬಣ್ಣಕ್ಕೆ ತಿರುಗತ್ತೆ, ಮಗು ಅಲ್ಲ. ನಾನೂ ಕಪ್ಪು, ಇವರೂ ಕಪ್ಪು, ಮಗು ಎಲ್ಲಿಂದ ಕೆಂಪಗಾಗತ್ತೆ ಹೇಳಿ?” ಎನ್ನುತ್ತಾ ಅವಳು ಹಾಲನ್ನು ಮಾತ್ರ ಒಂದು ಹನಿ ಬಿಡದೆ ಕುಡಿಯುತ್ತಿದ್ದಳು. ಬಣ್ಣದ ಚಿಂತೆ ಅವಳಿಗಿರಲಿಲ್ಲ. ಆದರೆ ಐದನೇ ತಿಂಗಳು ದಾಟುತ್ತಿದ್ದ ಹಾಗೆ ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಕಂದು ಬಣ್ಣದ ಬಂಗು ಕಾಣಿಸಿಕೊಂಡಿತು.

ಡಾಕ್ಟರ ಹತ್ತಿರ ಮಗ ಸೊಸೆ ಹೊರಟಾಗ ವೆಂಕಟಸುಬ್ಬಯ್ಯನವರು ಯಾರೂ ಕರೆಯದಿದ್ದರೂ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಡಾಕ್ಟರಮ್ಮ ನಕ್ಕರು. “ಬಸುರಿಯರಿಗೆ ಇದು ಸಹಜ. ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ತಾನಾಗಿ ತಿಳಿಯಾಗತ್ತೆ. ಆದ್ರೆ ಈಗ ಚರ್ಮ ಸೂಕ್ಷ್ಮ, ಬಿಸಿಲು ಬಿದ್ದಷ್ಟೂ ಇನ್ನೂ ಕಪ್ಪಾಗತ್ತೆ. ಹತ್ತು ಗಂಟೆಯಿಂದ ನಾಲ್ಕರ ತನಕ ನೆರಳಲ್ಲಿರಿ. ಹೊರಗೆ ಹೋದ್ರೆ ಅಗಲವಾದ ಟೋಪಿ, ಮುಖಕ್ಕೆ ಜಿಂಕ್ ಇರೋ ಸನ್‌ಸ್ಕ್ರೀನ್. ನೀರು ಚೆನ್ನಾಗಿ ಕುಡೀರಿ, ಮೈ ಬಿಸಿಯೇರೋಕೆ ಬಿಡಬೇಡಿ, ತಲೆ ಸುತ್ತಿ ಬೀಳೋದು ಬೇಡ. ಬೆಳಗಿನ ಎಳೆಬಿಸಿಲಲ್ಲಿ ಓಡಾಡೋಕೆ ಏನೂ ಅಡ್ಡಿಯಿಲ್ಲ.”

ಇಷ್ಟು ಮಾತಿನಲ್ಲಿ ‘ಸಹಜ’, ‘ಅಡ್ಡಿಯಿಲ್ಲ’ ಎಂಬವು ವೆಂಕಟಸುಬ್ಬಯ್ಯನವರ ಕಿವಿಗೆ ಬೀಳಲೇ ಇಲ್ಲ. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಅವರಿಗೊಂದು ನಿಜವಾದ ಅಪಾಯ ಸಿಕ್ಕಿತ್ತು. ಅದೂ ಎಂಥದು! ದಿನಾ ಬೆಳಗ್ಗೆ ತಪ್ಪದೆ ಡ್ಯೂಟಿಗೆ ಹಾಜರಾಗುವ ಸಾಕ್ಷಾತ್ ಮಾರ್ತಾಂಡ.

ಮರುದಿನವೇ ಮನೆಯಲ್ಲಿ ಸುರಕ್ಷತಾ ಸಪ್ತಾಹ ಜಾರಿಗೆ ಬಂತು. ತೋಟದವರು ಹಾಕಿಕೊಳ್ಳುವ ಹುಲ್ಲಿನ ಟೋಪಿ ಬಂತು. ಅದು ಎಷ್ಟು ಅಗಲ ಅಂದರೆ ಅದನ್ನಿಟ್ಟುಕೊಂಡು ಶ್ರೀರಂಜನಿ ಬಾಗಿಲು ದಾಟಬೇಕಾದರೆ ಓರೆಯಾಗಿ ದಾಟಬೇಕಿತ್ತು. ಹಾಲಿನ ಕಿಟಕಿಯಿಂದ ಬಿಸಿಲು ಬೀಳುವ ಜಾಗಕ್ಕೆ ನೆಲದ ಮೇಲೆ ಹಳದಿ-ಕಪ್ಪು ಟೇಪು ಅಂಟಿಸಿದರು. ‘ಇದರೊಳಗೆ ಯಾರೂ ಕಾಲಿಡಬಾರದು’ ಎಂದು ಹೇಳಿ ಕಾಫಿ ಕುಡಿದು ಬರುವಷ್ಟರಲ್ಲಿ ಬಿಸಿಲು ಟೇಪು ಬಿಟ್ಟು ಸೋಫಾ ಕಡೆ ನಡೆದಿತ್ತು. ಟೇಪು ಕಿತ್ತು ಸೋಫಾದ ಹತ್ತಿರ ಅಂಟಿಸಿದರು. ಅದು ಟಿವಿ ಕಡೆ ಹೋಯಿತು. ಹೀಗೆ ಮಧ್ಯಾಹ್ನದ ತನಕ ಅವರು ಮಂಡಿಯೂರಿ ಸೂರ್ಯನ ಹಿಂದೆ ಹಿಂದೆ ಹೋದರು.

“ಬೇರೆಯವರು ಎದ್ದು ನಿಂತು ಸೂರ್ಯನಮಸ್ಕಾರ ಮಾಡ್ತಾರೆ, ನೀವು ತೆವಳಿಕೊಂಡು ಮಾಡ್ತಿದ್ದೀರ,” ಎಂದರು ವಾಸಂತಮ್ಮ. ಮಾತು ಮುಗಿಸಿ ಹೆಜ್ಜೆ ಇಡುವಾಗ ಟೇಪಿಗೆ ಕಾಲು ತೊಡರಿ ಸೋಫಾದ ಮೇಲೆ ಬಿದ್ದರು. ಆ ಮನೆಯ ಇತಿಹಾಸದಲ್ಲಿ ಅದೇ ಮೊದಲನೆಯ ಅಪಘಾತ.

ಶ್ರೀರಂಜನಿ ಮಾತ್ರ ಟೇಪು ದಾಟಲಿಲ್ಲ. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದವಳು ಲ್ಯಾಪ್‌ಟಾಪ್ ಎತ್ತಿಕೊಂಡು ನೆರಳಿದ್ದ ಕಡೆಗೆಲ್ಲ ಸರಿದು ಸರಿದು ಕೂತಳು. “ಆಯ್ತು ಮಾವ” ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ. ವೆಂಕಟಸುಬ್ಬಯ್ಯನವರ ಎದೆ ಉಬ್ಬಿತು.

ಆ ಉಬ್ಬಿದ ಎದೆ ಒಂದು ಸಂಜೆ ಧಸಕ್ಕೆಂದಿತು. ಸೀಮಂತದ ದಿನ ಗೊತ್ತಾಗಿತ್ತು. ವಾಸಂತಮ್ಮನವರು ಫೋನಿನಲ್ಲಿ ಬೀಗಿತ್ತಿಯ ಜೊತೆ ಮಾತಾಡುತ್ತಿದ್ದರು. ಬೀಗಿತ್ತಿ ಎಂದರೆ ಶ್ರೀರಂಜನಿಯ ತಾಯಿ, ಬಳ್ಳಾರಿಯ ನಾಗಲಕ್ಷ್ಮಮ್ಮನವರು. ಫೋನಿನಿಂದ ಅವರ ಕಂಚಿನ ಕಂಠ ಹಾಲಿನ ತನಕ ಕೇಳಿಸುತ್ತಿತ್ತು. “ಸೀಮಂತ ಮುಗಿಸಿ ಕರ್ಕೊಂಡು ಬರೂದು ಪದ್ಧತಿ ಅಲ್ಲೇನ್ರೀ...” ಎಂಬಲ್ಲಿಯವರೆಗೆ ಕೇಳಿ ವೆಂಕಟಸುಬ್ಬಯ್ಯನವರು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಲೋಕರೂಢಿ, ಅದು ಅವರಿಗೂ ಗೊತ್ತು. ಆದರೆ ಶ್ರೀರಂಜನಿ ಹೋದರೆ ಈ ಮನೆಯಲ್ಲಿ ಸೀಟಿಗೆ ಓಡಿ ಬರುವವರು ಯಾರು? ಹೊಂಗೆ ಮರದ ಕೆಳಗೆ ಮತ್ತೆ ತಾವೊಬ್ಬರೇ. ಮೊಮ್ಮಗುವಿನ ಮುಖ ನೋಡಬೇಕಾದರೂ ತಿಂಗಳುಗಟ್ಟಲೆ ಫೋನಿನಲ್ಲಿ ನೋಡಬೇಕು. ಬೇಡ ಎಂದು ಹೇಳಲು ಯಾವ ಬಾಯಿ? ಆಗ ಅವರಿಗೆ ಸೂರ್ಯ ನೆನಪಾದ.

“ಬಳ್ಳಾರಿ! ವೈಶಾಖದಲ್ಲಿ! ಬಸುರಿ ಹುಡುಗೀನ!” ಎಂದು ರೂಮಿನಿಂದ ಹೊರಗೆ ಬಂದು ಅಬ್ಬರಿಸಿದರು. “ಅಲ್ಲಿ ನೆರಳೂ ಬೆವರುತ್ತೆ ಅಂತಾರೆ. ಡಾಕ್ಟರು ಏನು ಹೇಳಿದ್ದಾರೆ? ಮೈ ಬಿಸಿಯೇರಬಾರದು ಅಂತ ಹೇಳಿಲ್ವಾ?”

“ಅವಳು ಹುಟ್ಟಿ ಬೆಳೆದಿದ್ದೇ ಅಲ್ಲಿ ಕಣ್ರೀ,” ಎಂದರು ವಾಸಂತಮ್ಮ.

“ಆಗ ಬಸುರಿಯಾಗಿದ್ಲಾ?”

“ಸೊಸೆ ಹೋದ್ರೆ ನಂಗೆ ಬೇಜಾರಾಗತ್ತೆ ಅಂತ ನೇರವಾಗಿ ಹೇಳೋಕೆ ನಾಲಿಗೆ ಹೊರಳಲ್ಲ, ಪಾಪ ಆ ಸೂರ್ಯನ ಮೇಲೆ ಹಾಕ್ತೀರ. ಸ್ವಲ್ಪ ಕೂತ್ಕೊಂಡು ಕೇಳಿ, ಅವರು ಹೇಳಿದ್ದು ಏನಂದ್ರೆ...”

ವೆಂಕಟಸುಬ್ಬಯ್ಯನವರು ಕೂರಲಿಲ್ಲ. ಸತ್ಯವನ್ನು ಹೆಂಡತಿಯ ಬಾಯಿಂದ ಕೇಳಿದ ಗಂಡಸರು ಯಾರೂ ಕೂರುವುದಿಲ್ಲ. ಅವರು ತಾರಸಿಗೆ ಹೋದರು. ಹಿಂದೆಯೇ ಶ್ರೀರಂಜನಿ ಮೆಟ್ಟಿಲು ಹತ್ತಿ ಬಂದಳು. “ಮಾವ, ಬಳ್ಳಾರಿ ವಿಷಯ ನಿಮಗೊಂದು ಹೇಳ್ಬೇಕಿತ್ತು...”

“ಆ ಊರಿನ ಹೆಸರು ಎತ್ತಬೇಡ ತಾಯಿ. ನೀನು ಮೊದಲು ನೆರಳಿಗೆ ನಡಿ.” (ಆಗ ಸಂಜೆ ಏಳು ದಾಟಿತ್ತು. ಆಕಾಶದಲ್ಲಿ ಚಂದ್ರ ಬಂದಿದ್ದ.)

ತಾರಸಿಯ ಮೇಲೆ ಅವರಿಗೆ ಹೊಳೆದದ್ದು ಭವ್ಯವಾದ ಉಪಾಯ. ಕಟ್ಟುತ್ತಿರುವ ಮನೆಗಳಿಗೆ ಹೊದಿಸುತ್ತಾರಲ್ಲ, ಆ ಗ್ರೀನ್ ನೆಟ್ಟು, ಅದನ್ನು ತಂದು, ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಬಿಗಿಯಾಗಿ ಎಳೆದು ಕಟ್ಟುವುದು. ಕೆಳಗೆ ಬೆತ್ತದ ಕುರ್ಚಿ. ಸೊಸೆ ಅದರಡಿ ತಣ್ಣಗೆ ಕೂತು ಎಳನೀರು ಕುಡಿಯುತ್ತಿರುವುದನ್ನು ಬೀಗಿತ್ತಿ ಕಣ್ಣಾರೆ ನೋಡಬೇಕು. ನೋಡಿ, ‘ಇಷ್ಟು ಚೆನ್ನಾಗಿ ನೋಡಿಕೊಳ್ಳುವವರು ಇರುವಾಗ ನಾನೇಕೆ ಕರೆದುಕೊಂಡು ಹೋಗಲಿ’ ಎಂದು ತಾವಾಗಿ ಹೇಳಬೇಕು. ಇದಕ್ಕೆ ‘ಆತಪ ನಿವಾರಣಾ ಮಂಟಪ’ ಎಂದು ಹೆಸರನ್ನೂ ಇಟ್ಟರು. ವಿಶ್ರುತ್ “ಅಪ್ಪ, ಆಳು ಕರೆಸೋಣ, ನಾನಂತೂ ಬೆಳ್ಳಂದೂರಿನ ಆಫೀಸಿಗೆ ಹೋಗಿ ಬರೋದ್ರಲ್ಲೇ ಅರ್ಧ ಆಯುಸ್ಸು ಕಳೀತಿದ್ದೀನಿ” ಎಂದ. “ಸೇಫ್ಟಿ ವಿಷಯದಲ್ಲಿ ಗುತ್ತಿಗೆ ಕೊಡೋ ವಂಶ ನಮ್ಮದಲ್ಲ” ಎಂದರು.

ಸಂಜೆ ಸಂಜೆ ಕೂತು ಕಟ್ಟಿದರು. ನೋಡಲು ನಿಜಕ್ಕೂ ಲಕ್ಷಣವಾಗಿತ್ತು. ಆದರೆ ಮೊದಲ ಬೆಳಗ್ಗೆಯೇ ಪಡುವಣ ಪಕ್ಕದ ತಾರಸಿಯಿಂದ ಕೂಗು ಬಂತು. ಆ ಲೇಔಟೆಲ್ಲ ಹಿಂದೆ ಯಾರ ರಾಗಿ ಹೊಲವಾಗಿತ್ತೋ ಆ ಮನೆಯ ಹಿರಿಯಳು, ಚಿಕ್ಕಮುನಿಯಮ್ಮ. “ಏನ್ ಸೋಮಿ, ನಿಮ್ ಮನೆ ನೆಳ್ಳು ನನ್ ಸಂಡಿಗೆ ಮ್ಯಾಲೆ ಯಾಕ್ ಬಿದ್ದದೆ? ಇಂಗಾದ್ರೆ ಇದು ಒಣಗೋದು ಯಾವಾಗ?”

ನಿಜ. ಬೆಳಗಿನ ಓರೆಬಿಸಿಲಿಗೆ ಮಂಟಪದ ನೆರಳು ಪೂರ್ತಿಯಾಗಿ ಗೋಡೆ ದಾಟಿ ಚಿಕ್ಕಮುನಿಯಮ್ಮನ ಸಂಡಿಗೆಯ ಮೇಲೆ ಬೀಳುತ್ತಿತ್ತು. ಬೆತ್ತದ ಕುರ್ಚಿ ಮಾತ್ರ ಬಿಸಿಲಲ್ಲಿ ಕಾಯುತ್ತಿತ್ತು.

“ಅದು ಬೆಳಗಿನ ಲೆಕ್ಕ ಅಜ್ಜಿ. ಪರೀಕ್ಷೆ ಮಾಡೋದು ಫುಲ್ ಲೋಡಿನಲ್ಲಿ!” ಎಂದರು ವೆಂಕಟಸುಬ್ಬಯ್ಯನವರು. ಕಾರ್ಖಾನೆಯಲ್ಲಿ ಕ್ರೇನನ್ನು ಪಾಸು ಮಾಡುವ ಮೊದಲು ಅದರ ಕೊಕ್ಕೆಗೆ ಪೂರ್ತಿ ಭಾರ ನೇತುಹಾಕಿ ನೋಡುತ್ತಿದ್ದರು. ಮಂಟಪಕ್ಕೆ ಪೂರ್ತಿ ಭಾರ ಎಂದರೆ ನಡುಮಧ್ಯಾಹ್ನದ ಬಿಸಿಲು. ಸೀಮಂತದ ಹಿಂದಿನ ದಿನ ಬೀಗಿತ್ತಿ ಬರುತ್ತಾರೆ. ಅವತ್ತು ಸೂರ್ಯ ನೆತ್ತಿಗೆ ಬಂದಾಗ ಲೋಡ್ ಟೆಸ್ಟು. ಪಾಸಾದ ಮೇಲೆ ಪ್ರದರ್ಶನ.

ನಾಗಲಕ್ಷ್ಮಮ್ಮನವರು ಬೆಳಗಿನ ರೈಲಿಗೆ ಯಶವಂತಪುರದಲ್ಲಿ ಇಳಿದು, ಆಟೋದ ತುಂಬ ಗಂಟು ಮೂಟೆ ಹೇರಿಕೊಂಡು ಬಂದರು. (ಅವರ ಯಜಮಾನರು ಅಂಗಡಿ ನೋಡಿಕೊಂಡು ಮರುದಿನ ಬರುವುದಿತ್ತು.) ಸಾಮಾನು ಇಳಿಸುತ್ತಾ ಇಳಿಸುತ್ತಾ ಆಟೋದವನು ಬಸವಳಿದ. ಇಷ್ಟೊಂದು ಸಾಮಾನು ಸೀಮಂತಕ್ಕೆ ಯಾಕೆ ಎಂದು ಒಬ್ಬ ಸೇಫ್ಟಿ ಆಫೀಸರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವರು ಮಹಡಿಯ ಮೇಲಿನ ಬಿಸಿಲನ್ನೇ ನೋಡುತ್ತಿದ್ದರು.

“ಬೀಗರೇ, ನಾನು ಏನ್ ಹೇಳಾಕ ಬಂದೀನಿ ಅಂದ್ರ, ನಮ್ಮ ಬಳ್ಳಾರಿಗೆ...” ಎಂದು ಅವರು ಕಾಲು ತೊಳೆದುಕೊಂಡು ಶುರುಮಾಡಿದರು.

“ಎಲ್ಲ ಮಧ್ಯಾಹ್ನದ ಮೇಲೆ ಮಾತಾಡೋಣ,” ಎಂದು ವೆಂಕಟಸುಬ್ಬಯ್ಯನವರು ಕೈಯೆತ್ತಿದರು. “ಮೊದಲು ನೀವು ಒಂದು ನೋಡಬೇಕಾದ್ದಿದೆ.”

ಊರಿನ ಬಿಸಿಲೆಲ್ಲ ನೆತ್ತಿಗೆ ಬಂದ ಹೊತ್ತಿಗೆ ಅವರು ತಯಾರಾದರು. ಮೈಗೆ ದಪ್ಪ ಬಾಯ್ಲರ್ ಸೂಟು. ತಲೆಗೆ ಹಳದಿ ಹೆಲ್ಮೆಟ್ಟು. ಕೈಗೆ ಚರ್ಮದ ಗ್ಲೌಸು, ಕಾಲಿಗೆ ಉಕ್ಕಿನ ಮೂತಿಯ ಬೂಟು. ಮೇಲಿನಿಂದ ಬಿದ್ದರೆ ಎಂಬ ಮುಂದಾಲೋಚನೆಯಿಂದ ಸೊಂಟಕ್ಕೆ ಸೇಫ್ಟಿ ಬೆಲ್ಟು. ಅದರ ಹಗ್ಗದ ಒಂದು ತುದಿ ಮೆಟ್ಟಿಲ ಕೋಣೆಯ ಮೇಲಿನ ನೀರಿನ ಟ್ಯಾಂಕಿಗೆ, ಇನ್ನೊಂದು ತುದಿ ಬೆನ್ನ ಹಿಂದಿನ ಕೊಂಡಿಗೆ. ಬೀಳುವ ಅಪಾಯ, ಜಾರುವ ಅಪಾಯ, ಕೈ ಕುಯ್ದುಕೊಳ್ಳುವ ಅಪಾಯ, ಎಲ್ಲಕ್ಕೂ ವ್ಯವಸ್ಥೆ ಇತ್ತು. ಬಿಸಿಲಿಗೆ ಇರಲಿಲ್ಲ. ಬಿಸಿಲು ಬಸುರಿಯರ ಮೇಲೆ ಮಾತ್ರ ಬೀಳುತ್ತದೆ ಎಂಬಂತೆ ಅವರು ಅದನ್ನು ಪೂರ್ತಿ ಮರೆತಿದ್ದರು.

“ಒಂದು ಲೋಟ ಮಜ್ಜಿಗೆ ಆದ್ರೂ ಕುಡಿದು ಹೋಗ್ರೀ,” ಎಂದರು ವಾಸಂತಮ್ಮ.

“ಟೆಸ್ಟು ಆದ ಮೇಲೆ. ಶ್ರೀರಂಜನಿ, ನಾನು ಹೇಳೋವರೆಗೆ ನೀನು ಮೆಟ್ಟಿಲು ಹತ್ತಬಾರದು.”

“ಆಯ್ತು ಮಾವ.”

ಮೇಲೆ ಹೋಗಿ ನೋಡಿದರೆ ಮಂಟಪದ ಒಂದು ಮೂಲೆಯ ಗಂಟು ಸಡಿಲವಾಗಿತ್ತು. ಸ್ಟೂಲು ಹತ್ತಿ ಬಿಗಿದರು. ಆ ಮೂಲೆ ಬಿಗಿದರೆ ಈ ಮೂಲೆ ಸಡಿಲ. ಈ ಮೂಲೆಗೆ ಬಂದರು. ಇದನ್ನೆಳೆದರೆ ಆಚೆಯದು ಜೋತುಬಿತ್ತು. ಹೀಗೆ ಎಲ್ಲ ಮೂಲೆಗೂ ಹೊರಗಿನಿಂದಲೇ ಓಡಾಡಿ ಓಡಾಡಿ ಕಟ್ಟಿದರು. ಕೊನೆಗೆ ಬಲೆ ಹಪ್ಪಳದ ಹಾಗೆ ಬಿಗಿದು ನಿಂತಿತು. ಕೆಳಗೆ ಬೆತ್ತದ ಕುರ್ಚಿಯ ಮೇಲೆ ತಂಪಾದ ಹಸಿರು ನೆರಳು. ಆಹಾ ಎಂದುಕೊಂಡರು. ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ಬೂಟಿನೊಳಗೆ ಬೆವರು ಸೇರಿ ಪಚಪಚ ಎನ್ನುತ್ತಿತ್ತು. ತಲೆ ಸ್ವಲ್ಪ ಗಿರ್ರೆಂದಿತು. ನೆರಳಿಗೆ ಹೋಗಿ ಕೂರೋಣ ಎಂದು ಒಂದು ಹೆಜ್ಜೆ ಇಟ್ಟರು.

ಹಗ್ಗ ಹಿಂದಕ್ಕೆ ಎಳೆಯಿತು. ಮೂಲೆ ಮೂಲೆ ಸುತ್ತಿದ್ದರಲ್ಲ, ಅದು ಗೂಟ ಸುತ್ತಿದ ಕರುವಿನ ಹಗ್ಗದ ಹಾಗೆ ಕಂಬಗಳಿಗೆಲ್ಲ ಸುತ್ತಿಕೊಂಡು ಗಿಡ್ಡವಾಗಿಬಿಟ್ಟಿತ್ತು. ಕೈಚಾಚಿದರೆ ಗ್ಲೌಸಿನ ತುದಿಗೆ ನೆರಳು ತಾಕುತ್ತಿತ್ತು. ಮೈಗೆ ಮಾತ್ರ ದಕ್ಕದು. ಬಂದ ದಾರಿಯಲ್ಲೇ ಹಿಂದಕ್ಕೆ ಸುತ್ತಿ ಬಿಡಿಸಿಕೊಳ್ಳಬಹುದಿತ್ತು, ಆದರೆ ಬಂದ ದಾರಿ ಯಾವುದು ಎಂಬುದೇ ಆ ತಲೆಗೆ ಹೊಳೆಯಲಿಲ್ಲ. ಬೆನ್ನ ಹಿಂದಿನ ಕೊಂಡಿ ಕೈಗೆ ಸಿಗಲಿಲ್ಲ, ಬೆಲ್ಟನ್ನೇ ಬಿಚ್ಚಬಹುದೆಂಬುದು ನೆನಪಾಗಲಿಲ್ಲ. ತಾರಸಿ ಮೆಲ್ಲಗೆ ತಿರುಗತೊಡಗಿತು. ವೆಂಕಟಸುಬ್ಬಯ್ಯನವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಸೀಟಿ ಊದಿದರು. ಒಂದು. ಎರಡು. ಸ್ವಲ್ಪ ತಡೆದು, ಮೂರು.

ಕೆಳಗೆ ಅಡುಗೆಮನೆಯಲ್ಲಿ ನಾಳೆಯ ಸೀಮಂತಕ್ಕೆ ಹೋಳಿಗೆಯ ಹೂರಣ ತಯಾರಾಗುತ್ತಿತ್ತು.

“ಶುರುವಾಯ್ತು,” ಎಂದು ವಾಸಂತಮ್ಮನವರು ಮಿಕ್ಸಿಯ ಗುಂಡಿಗೆ ಕೈ ಹಾಕಿದರು.

“ಏನ್ರೀ ಅದು?” ಎಂದರು ನಾಗಲಕ್ಷ್ಮಮ್ಮ.

“ನಮ್ಮನೆಯವರದ್ದು ಡ್ರಿಲ್ಲು. ದಿನಾ ಇದ್ದಿದ್ದೇ.”

ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಶ್ರೀರಂಜನಿ ತಟ್ಟನೆ ಎದ್ದಳು. “ಅತ್ತೆ, ಮಿಕ್ಸಿ ಹಾಕ್ಬೇಡಿ! ಮೂರು ಸಲ ಊದಿದ್ರು.”

“ಮೂರಾದ್ರೇನು, ಮೂವತ್ತಾದ್ರೇನು?”

“ಡ್ರಿಲ್ಲಿಗೆ ಎರಡೇ ಸಲ. ಮಾವ ಸುಮ್ಮಸುಮ್ಮನೆ ಯಾವತ್ತೂ ಮೂರು ಊದಲ್ಲ. ನಂಗೆ ಮೆಟ್ಟಿಲು ಹತ್ತಬೇಡ ಅಂದಿದ್ದಾರೆ. ಅಮ್ಮ, ನೀನು ಓಡು!” ಎಂದು ಹುಲ್ಲಿನ ಟೋಪಿಯನ್ನು ತಾಯಿಯ ತಲೆಗಿಟ್ಟು ಅಕ್ಷರಶಃ ತಳ್ಳಿದಳು. ಗ್ಯಾಸು ಆಫ್ ಮಾಡಲು ಮರೆಯಲಿಲ್ಲ.

ನಾಗಲಕ್ಷ್ಮಮ್ಮನವರು ಮೇಲೆ ಹೋಗಿ ನೋಡುತ್ತಾರೆ, ಹಳದಿ ಹೆಲ್ಮೆಟ್ಟಿನ ಬೀಗರು ಕಂಬಕ್ಕೆ ಕಟ್ಟಿಸಿಕೊಂಡು, ನೆರಳಿನ ಕಡೆಗೆ ಎರಡೂ ಕೈ ಚಾಚಿ, ದೇವರನ್ನು ಕರೆಯುವವರ ಹಾಗೆ ನಿಂತಿದ್ದಾರೆ. ಆಕೆ ಬೆನ್ನ ಹಿಂದಿನ ಕೊಂಡಿ ಬಿಚ್ಚಿ, ತೋಳು ಹಿಡಿದು, ಇಳಿಸಿಕೊಂಡು ಬಂದರು. ಹಾಲಿನಲ್ಲಿ ಫ್ಯಾನಿನ ಕೆಳಗೆ ಮಲಗಿಸಿ, ಹೆಲ್ಮೆಟ್ಟು ಬೂಟು ಎಲ್ಲ ಕಿತ್ತರು. ವಾಸಂತಮ್ಮನವರು ಗಾಬರಿಯಿಂದ ಓಡಿಹೋಗಿ ಒದ್ದೆ ಬಟ್ಟೆ ತಂದು ಹಣೆಗೆ, ಕುತ್ತಿಗೆಗೆ ಹಾಕಿದರು. ಶ್ರೀರಂಜನಿ ಡಾಕ್ಟರಿಗೆ ಫೋನು ಮಾಡಿ ಕೇಳುತ್ತಾ, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗುವುದು ಕಾಣಿಸಿತು, ಮನೆ ತಿರುಗುವುದು ನಿಂತಿತು.

ಆಗ ನಾಗಲಕ್ಷ್ಮಮ್ಮನವರು ಬಾಯಿಬಿಟ್ಟರು. “ಅಲ್ರೀ ಬೀಗರೇ, ನಮ್ಮ ಬಳ್ಳಾರಿಯಾಗ ಈ ಹೊತ್ತಿನ್ಯಾಗ ನಾಯಿ ಸೈತ ನೆರಳು ಬಿಟ್ಟು ಏಳಂಗಿಲ್ಲ! ಬಿಸಿಲಿನ ಜೋಡಿ ಜಗಳ ತಗೀತಾರೇನ್ರೀ ಯಾರಾದ್ರೂ? ಅದು ಬಂತು ಅಂದ್ರ ಕಿಟಕಿ ಹಾಕ್ಕೊಂಡು, ಮಜ್ಜಿಗಿ ಕುಡದು, ತಣ್ಣಗ ಒಳಗ ಕುಂದ್ರಬೇಕು. ಸಂಜಿಗೆ ಅದ ಸೋತು ಹೋಗ್ತದ. ನಮ್ಮ ಮನಿ ಗೋಡಿ ಎಷ್ಟು ದಪ್ಪ ಅವ ಗೊತ್ತೇನು? ವೈಶಾಖದಾಗೂ ಒಳಗ ಫ್ಯಾನ್ ಬ್ಯಾಡ.”

ವೆಂಕಟಸುಬ್ಬಯ್ಯನವರ ವಾದ ಅಲ್ಲಿಗೆ ಮುಗಿಯಿತು. ಸೂರ್ಯನೇ ಅವರ ಕೈಬಿಟ್ಟ ಮೇಲೆ ಇನ್ಯಾರ ಮೇಲೆ ಹಾಕುವುದು? ಮಲಗಿದ್ದಲ್ಲಿಂದಲೇ ಸೋತ ದನಿಯಲ್ಲಿ ಹೇಳಿದರು: “ನೀವು ಕರ್ಕೊಂಡು ಹೋಗಿ ನಾಗಲಕ್ಷ್ಮಮ್ಮನವರೇ. ನನ್ನ ಮನೆಗಿಂತ ನಿಮ್ಮ ಮನೆಯೇ ಸೇಫು. ನಾನು ಹೇಳಿದ್ದೆಲ್ಲ ನೆಪ. ಈ ಮನೇಲಿ ನನ್ನ ಮಾತು ಕಿವಿಗೆ ಹಾಕ್ಕೊಳ್ಳೋಳು ಅಂದ್ರೆ ಇವಳೊಬ್ಬಳೇ. ಇವತ್ತು ಇವಳು ಎಣಿಸದೇ ಇದ್ದಿದ್ರೆ ನಾನು ಅಲ್ಲೇ ಸಂಡಿಗೆ ಆಗ್ತಿದ್ದೆ. ಇವಳು ಹೋಗ್ತಾಳಲ್ಲ ಅನ್ನೋ ಸಂಕಟಕ್ಕೆ ಇಷ್ಟೆಲ್ಲ ಮಾಡಿದೆ.”

ವಾಸಂತಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. (ಅಲ್ಲಿ ಹೊಂಗೆ ಮರವೂ ಇರಲಿಲ್ಲ.)

“ಯಾರ್ ಹೋಗ್ತಾರ್ರೀ?” ಎಂದರು ನಾಗಲಕ್ಷ್ಮಮ್ಮ. “ಪದ್ಧತಿ ಖರೇ, ಆದ್ರ ಡಾಕ್ಟರು ಇಲ್ಲೇ, ಗಂಡ ಇಲ್ಲೇ, ಅದಕ್ಕ ಬಳ್ಳಾರಿಗೆ ಬರೂದು ಬ್ಯಾಡ, ನಾನ ಇಲ್ಲೇ ಬಂದು ಬಾಣಂತನ ಮಾಡ್ತೀನಿ ಅಂತ ಆವತ್ತ ಫೋನಿನ್ಯಾಗ ಹೇಳೀನಲ್ಲ! ಅದಕ್ಕ ಅಲ್ಲೇನು ಇಷ್ಟು ಗಂಟು ಹೊತ್ಕೊಂಡು ಬಂದದ್ದು? ತೊಟ್ಟಿಲ ಸೈತ ತಂದೀನಿ.”

ವೆಂಕಟಸುಬ್ಬಯ್ಯನವರು ಒದ್ದೆ ಬಟ್ಟೆ ಸರಿಸಿ ಒಂದೇ ಕಣ್ಣಿನಲ್ಲಿ ಹೆಂಡತಿಯನ್ನು ನೋಡಿದರು. “ನನಗ್ಯಾಕೆ ಹೇಳಲಿಲ್ಲ?”

“ಹೇಳೋಕೆ ನೀವು ಬಿಟ್ರೆ ತಾನೇ? ನಾನು ‘ಅವರು ಹೇಳಿದ್ದು’ ಅನ್ನೋದ್ರಲ್ಲಿ ತಾರಸಿಗೆ ಹೋದ್ರಿ. ಇವಳು ತಾರಸಿ ತನಕ ಬಂದ್ಳು, ಚಂದ್ರನ ಬೆಳಕಲ್ಲಿ ನಿಂತಿದ್ದೋಳನ್ನ ನೆರಳಿಗೆ ಕಳಿಸಿದ್ರಿ. ಬೆಳಗ್ಗೆ ಬೀಗಿತ್ತಿಗೂ ಕೈ ಅಡ್ಡ ಹಿಡಿದ್ರಿ. ಇನ್ನು ವಿಷಲ್ ಊದಿ ಹೇಳ್ಬೇಕಿತ್ತಾ?”

ಅವರು ಬಟ್ಟೆಯನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡರು. ಒಳಗೆ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ಮರುದಿನ ಸೀಮಂತ ಸೊಗಸಾಗಿ ನಡೆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಶ್ರೀರಂಜನಿಯ ಮುಖದಲ್ಲಿ ಬಂಗು ಇದ್ದರೂ ಬೆಳಕಿತ್ತು. ವೆಂಕಟಸುಬ್ಬಯ್ಯನವರ ಮುಖದ ಕಥೆ ಬೇರೆ. ಹೆಲ್ಮೆಟ್ಟು ಕೂತಿದ್ದ ಹಣೆ ಬೆಳ್ಳಗೆ, ಅದರ ಕೆಳಗೆಲ್ಲ ಇದ್ದಿಲು. ಗಲ್ಲದ ಎರಡೂ ಕಡೆ ಹೆಲ್ಮೆಟ್ಟಿನ ಪಟ್ಟಿಯ ಬಿಳಿ ಗೆರೆ. ಮೂಗಿನ ತುದಿ ಕೆಂಪಗೆ ಉರಿಯುತ್ತಿತ್ತು. ಆರತಿಗೆ ಬಂದ ಚಿಕ್ಕಮುನಿಯಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, ನೆರೆದ ಹೆಂಗಸರೆಲ್ಲ ಕೇಳುವ ಹಾಗೆ ಕೇಳಿದಳು: “ಬಸ್ರಿ ಯಾರು ಸೋಮಿ ಈ ಮನೇಲಿ? ಬಂಗು ಬಂದಿರಾದು ನಿಮ್ ಮಕಕ್ಕೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶ್ರೀರಂಜನಿ ನಗುತ್ತಲೇ ಒಳಗೆ ಹೋಗಿ ತನ್ನ ಜಿಂಕ್ ಕ್ರೀಮಿನ ಟ್ಯೂಬು ತಂದಳು. “ಮಾವ, ಮುಖ ಮೇಲೆತ್ತಿ,” ಎಂದು ಬಳೆ ಘಲಘಲ ಎನ್ನುತ್ತಿದ್ದ ಕೈಯಿಂದಲೇ ಅವರ ಮೂಗಿಗೆ ಮೆತ್ತಗೆ ಹಚ್ಚಿದಳು. ಫೋಟೋದಲ್ಲಿ ಅವರ ಮೂಗು ಸುಣ್ಣ ಬಳಿದ ಹಾಗೆ ಬೆಳ್ಳಗೆ ಹೊಳೆಯುತ್ತಿದೆ. ಆ ಫೋಟೋವನ್ನು ವೆಂಕಟಸುಬ್ಬಯ್ಯನವರೇ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರೆ. ಬಂದವರು ನಕ್ಕರೆ, “ನನ್ನ ಸೊಸೆ ಹಚ್ಚಿದ್ದು” ಎನ್ನುತ್ತಾರೆ.

ಗ್ರೀನ್ ನೆಟ್ಟನ್ನು ಚಿಕ್ಕಮುನಿಯಮ್ಮ ತನ್ನ ಸೊಪ್ಪಿನ ಮಡಿಗೆ ಕೇಳಿ ತೆಗೆದುಕೊಂಡು ಹೋದಳು. ಸೀಟಿ ಈಗ ನಾಗಲಕ್ಷ್ಮಮ್ಮನವರ ಕೊರಳಲ್ಲಿದೆ. ಮನೆಯ ಬಿಸಿಲಿನ ಉಸ್ತುವಾರಿ ಪೂರ್ತಿ ಅವರದ್ದೇ. ಬೆಳಗಿನ ಎಳೆಬಿಸಿಲಲ್ಲಿ ಶ್ರೀರಂಜನಿ ಟೋಪಿ ಹಾಕಿಕೊಂಡು ಗೇಟಿನ ತನಕ ನಿಧಾನವಾಗಿ ಓಡಾಡುತ್ತಾಳೆ, ಮಾವನವರು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಡೆಯುತ್ತಾರೆ. ಹತ್ತು ಗಂಟೆಯಾದೊಡನೆ ಬಳ್ಳಾರಿಯ ಗಾಳಿ ಸೀಟಿಯೊಳಗೆ ನುಗ್ಗುತ್ತದೆ.

ನಿನ್ನೆಯೂ ಹಾಗೇ ಆಯಿತು. ವಾಸಂತಮ್ಮನವರು ಮಿಕ್ಸಿ ಹಾಕಿದರು. ವಿಶ್ರುತ್ ಇಯರ್‌ಫೋನ್ ಸಿಕ್ಕಿಸಿಕೊಂಡ. ಶ್ರೀರಂಜನಿ ಆಗಲೇ ನೆರಳಿನಲ್ಲಿದ್ದಳು. ಗೇಟಿನ ಬಳಿ ಹಾಲಿನವನೊಂದಿಗೆ ಮಾತಾಡುತ್ತಾ ಬಿಸಿಲಲ್ಲಿ ನಿಂತಿದ್ದ ವೆಂಕಟಸುಬ್ಬಯ್ಯನವರು ಮಾತು ಅರ್ಧಕ್ಕೆ ಬಿಟ್ಟು, ಪಂಚೆ ಎತ್ತಿ ಹಿಡಿದು ಹೊಂಗೆ ಮರದ ಕೆಳಗೆ ಓಡಿದರು.

ಬೀಗಿತ್ತಿ ಊದಿದ್ದು ಎರಡೇ ಸಲ.